ನಗೆಯೂ ಮುಪ್ಪೂ

ನರಗುಂದದ ಗುಡ್ಡದ ಬುಡದಲ್ಲಿ ಒಂದು ಬೇವಿನ ಮರ. ಮರದ ಸುತ್ತಲೂ ಕಲ್ಲಿನ ಕಟ್ಟೆ. ಹೊಲಗಳಿಗೆ ಹೋದವರು ಊರಿಗೆ ತಿರುಗುವ ಇಳಿಹೊತ್ತಿನಲ್ಲಿ ಐದಾರು ಮಂದಿ ಮುದುಕರು ದಿನವೂ ಅಲ್ಲಿ ಬಂದು ಕೂಡುವರು. ಅರುವತ್ತೈದಕ್ಕೆ ಕಡಮೆ ವಯಸ್ಸಿನವರು ಅವರಲ್ಲಿ ಯಾರೂ ಇಲ್ಲ. ಎಂಬತ್ತನ್ನು ದಾಟಿದವರೂ ಉಂಟು. ಪಾಠ ಮುಗಿಸಿ ಮನೆಗೆ ನಡೆಯುವಾಗ ನಮ್ಮ ದಾರಿ ಆ ಕಟ್ಟೆಯ ಮುಂದೆಯೇ ಸಾಗುತ್ತದೆ. ಅವರ ಮಾತು ನಮ್ಮ ಕಿವಿಗೆ ಬೀಳುವುದಕ್ಕೆ ಬಹಳ ಮೊದಲೇ ಅವರ ನಗೆ ಬೀಳುವುದು.

ಒಂದು ದಿನ ನಮ್ಮೊಡನೆ ಒಬ್ಬ ವಿದ್ಯಾರ್ಥಿಯೂ ಇದ್ದನು. ನಾವು ಕಟ್ಟೆಯನ್ನು ಸಮೀಪಿಸಿದಾಗ ಮುದುಕರಲ್ಲೊಬ್ಬರು ಕೋಲೂರಿಕೊಂಡು ತಡವಾಗಿ ಬರುತ್ತಿದ್ದರು. ಕುಳಿತವರಲ್ಲೊಬ್ಬರು ಕೇಳಿದರು: "ಯಾಕಪಾ, ಇವತ್ತ ಭಾಳ ತಡಾ ಆತಲ್ಲ?"

"ನಾ ಏನೋ ಲಗೂನ ಹೊಂಟಿದ್ದೆ, ಈ ಮೊಣಕಾಲು ಬರಾಕ ಒಪ್ಪಲಿಲ್ಲ."

"ಹಂಗಾರ ಅವನ್ನ ಮನ್ಯಾಗ ಬಿಟ್ಟ ಬರಬೇಕಿತ್ತು!"

ಕಟ್ಟೆಯೆಲ್ಲ ನಕ್ಕಿತು. ಮೂಲೆಯಲ್ಲಿ ಕುಳಿತಿದ್ದ ಎಲ್ಲರಿಗಿಂತ ಹಿರಿಯ ಮುದುಕರೂ ಬೊಚ್ಚುಬಾಯಿ ಬಿಟ್ಟು ನಕ್ಕರು, ನಕ್ಕು ಮುಗಿದ ಮೇಲೆ ಕಿವಿಗೆ ಕೈಯೊಡ್ಡಿ "ಏನಂದಾ?" ಎಂದು ಕೇಳಿದರು. ಇದರಿಂದ ನಗೆ ಇಮ್ಮಡಿಯಾಯಿತು.

ಸ್ವಲ್ಪ ದೂರ ನಡೆದ ಮೇಲೆ ವಿದ್ಯಾರ್ಥಿಯು ಕೇಳಿದನು: "ಸರ್, ಇದರಾಗ ಅಷ್ಟ ನಗುವಂಥಾದ್ದು ಏನೈತ್ರಿ? ಮಾತು ಕೇಳಿಸದಿದ್ದ ಅಜ್ಜಾರೂ ನಕ್ಕರಲ್ಲರಿ!"

ಪ್ರಶ್ನೆಗಳು ಎರಡು, ಎರಡೂ ಒಳ್ಳೆಯವು. ಅಷ್ಟಾಗಿ ಹಾಸ್ಯವಿಲ್ಲದ ಮಾತಿಗೆ ಮನುಷ್ಯರು ನಗುವುದೇಕೆ? ಮಾತು ಕೇಳದವನೂ ನಗುವುದೇಕೆ? ಇವುಗಳಿಗೆ ಉತ್ತರವನ್ನು ಅರಸುತ್ತ ಹೋದರೆ ಮುಪ್ಪಿನಲ್ಲಿ ಸುಖವಾಗಿ ಬಾಳುವುದು ಹೇಗೆಂಬ ದೊಡ್ಡ ಪ್ರಶ್ನೆಯ ಬಾಗಿಲಿಗೇ ಬಂದು ನಿಲ್ಲುತ್ತೇವೆ. ತರುಣರಾದ ವಾಚಕರು "ಮುಪ್ಪಿನ ಮಾತು ನಮಗೇಕೆ?" ಎಂದು ಪುಟ ತಿರುವಿ ಹಾಕಬಾರದೆಂದು ಮೊದಲೇ ಕೇಳಿಕೊಳ್ಳುತ್ತೇವೆ. ಏಕೆಂದರೆ ಮನೆಯ ಮುದುಕರ ನಗೆ ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಆ ಮನೆಯ ತರುಣರ ಕೈಯಲ್ಲಿದೆ.

ನಗೆಯ ಯಂತ್ರ

ನಗೆಯೆಂಬುದು ಮೊದಲಿಗೆ ಉಸಿರಾಟದ ಒಂದು ವಿಶೇಷ. ಮಾತನಾಡುವಾಗ ನಾವು ಉಸಿರನ್ನು, ಜಿಪುಣನು ಹಣವನ್ನು ಬಿಡುವಂತೆ, ಸ್ವಲ್ಪ ಸ್ವಲ್ಪವಾಗಿ ಹೊರಬಿಡುತ್ತೇವೆ. ನಗುವಾಗ ಹಾಗಲ್ಲ. ಎದೆಗೂ ಹೊಟ್ಟೆಗೂ ನಡುವೆ ಹರಡಿರುವ ವಪೆಯೆಂಬ ಸ್ನಾಯು, ಪಕ್ಕೆಲುಬುಗಳ ನಡುವಣ ಸ್ನಾಯುಗಳು, ಹೊಟ್ಟೆಯ ಸ್ನಾಯುಗಳು, ಇವೆಲ್ಲವೂ ಸೇರಿ ಕಮ್ಮಾರನ ತಿದಿಯನ್ನು ಬಿಟ್ಟು ಬಿಟ್ಟು ಒತ್ತಿದಂತೆ ಗಾಳಿಯನ್ನು ತುಂಡುತುಂಡಾಗಿ ಹೊರಕ್ಕೆ ನೂಕುತ್ತವೆ. ಗಂಟಲಿನಲ್ಲಿರುವ ಧ್ವನಿತಂತುಗಳು ಪ್ರತಿಯೊಂದು ನೂಕಿಗೂ ಒಮ್ಮೆ ಕಂಪಿಸಿ ನಿಲ್ಲುತ್ತವೆ. ಹೀಗೆ ಹುಟ್ಟುವುದೇ "ಹ ಹ ಹ".

ಅಮೆರಿಕದ ವಿಜ್ಞಾನಿ ರಾಬರ್ಟ್ ಪ್ರೊವೈನ್ (೧೯೪೩–೨೦೧೯) ನಗೆಯ ಧ್ವನಿಯನ್ನು ಮುದ್ರಿಸಿಕೊಂಡು ಉಪಕರಣಗಳಿಂದ ಅಳೆದು ನೋಡಿದನು. "ಹ" ಎಂಬ ಒಂದೊಂದು ಧ್ವನಿಯೂ ಸುಮಾರು ೭೫ ಮಿಲಿಸೆಕೆಂಡುಗಳ ಕಾಲ ನಿಲ್ಲುತ್ತದೆ. ಒಂದು "ಹ" ಆರಂಭವಾದಂದಿನಿಂದ ಮುಂದಿನ "ಹ" ಆರಂಭವಾಗುವವರೆಗೆ ಸುಮಾರು ೨೧೦ ಮಿಲಿಸೆಕೆಂಡು ಕಳೆಯುತ್ತದೆ. ೧೦೦೦ವನ್ನು ೨೧೦ರಿಂದ ಭಾಗಿಸಿರಿ: ಸೆಕೆಂಡಿಗೆ ಐದಕ್ಕೆ ಸ್ವಲ್ಪ ಕಡಮೆ "ಹ"ಗಳು! ನಗುವವರು ಬೇರೆಯಾದರೂ ಈ ತಾಳದಲ್ಲಿ ವ್ಯತ್ಯಾಸ ಕೊಂಚವೇ. ಮೂಲ ಆವೃತ್ತಿಯು ಗಂಡಸರ ನಗೆಯಲ್ಲಿ ಸರಾಸರಿ ೨೭೬ ಹರ್ಟ್ಸ್, ಹೆಂಗಸರ ನಗೆಯಲ್ಲಿ ೫೦೨ ಹರ್ಟ್ಸ್ ಎಂದು ಅವನು ಕಂಡನು. ಇದು ನಾವು ಮಾತನಾಡುವ ಧ್ವನಿಯ ಆವೃತ್ತಿಗಿಂತ ಹೆಚ್ಚುಕಡಮೆ ಎರಡು ಪಟ್ಟು. ಎತ್ತರದ ಶ್ರುತಿ, ಬಲವಾದ ಉಸಿರು, ತಪ್ಪದ ತಾಳ, ಈ ಮೂರೂ ಕೂಡಿರುವುದರಿಂದಲೇ ನಗೆಯನ್ನು ಗದ್ದಲದ ನಡುವೆಯೂ ದೂರದಿಂದ ಗುರುತಿಸಬಹುದು. ಕಟ್ಟೆಯ ಮಾತಿಗೆ ಮೊದಲು ಕಟ್ಟೆಯ ನಗೆ ನಮ್ಮನ್ನು ಮುಟ್ಟುವುದು ಇದರಿಂದಲೇ.

ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು. ಗೆಳೆಯರ ನಗೆಯನ್ನು, ಅವರ ಒಪ್ಪಿಗೆ ಪಡೆದು, ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿರಿ. ಧ್ವನಿಯ ತರಂಗವನ್ನು ಚಿತ್ರರೂಪದಲ್ಲಿ ತೋರಿಸುವ ಆಪ್ ಒಂದರಲ್ಲಿ ಅದನ್ನು ತೆರೆದು ಶಿಖರದಿಂದ ಶಿಖರಕ್ಕೆ ಇರುವ ಕಾಲವನ್ನು ಅಳೆಯಿರಿ. ಬಳಿಕ ಅದನ್ನು ಹಿಂದುಮುಂದಾಗಿ ನುಡಿಸಿರಿ. ಮಾತನ್ನು ಹಿಂದುಮುಂದಾಗಿ ನುಡಿಸಿದರೆ ಏನೊಂದೂ ತಿಳಿಯದು. ನಗೆಯು ಮಾತ್ರ ನಗೆಯಾಗಿಯೇ ಕೇಳಿಸುವುದು. ಒಂದು ಭೇದವನ್ನು ಕಾಣುವಿರಿ: ಸಹಜವಾದ ನಗೆ ಜೋರಾಗಿ ಆರಂಭವಾಗಿ ಉಸಿರು ತೀರಿದಂತೆ ಕುಗ್ಗುತ್ತದೆ, ತಿರುವಿದ ನಗೆ ಮೆಲ್ಲಗೆ ಆರಂಭವಾಗಿ ಜೋರಾಗುತ್ತದೆ.

ಇನ್ನು ಮುಖದ ವಿಚಾರ. ಫ್ರಾನ್ಸಿನ ವೈದ್ಯ ದ್ಯುಶೆನ್ ೧೮೬೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮುಖದ ಸ್ನಾಯುಗಳ ಕೆಲಸವನ್ನು ವಿವರಿಸಿದನು. ತುಟಿಗಳ ತುದಿಯನ್ನು ಮೇಲಕ್ಕೆಳೆಯುವ ಕೆನ್ನೆಯ ಸ್ನಾಯುವನ್ನು ನಾವು ಬೇಕೆಂದಾಗ ಆಡಿಸಬಲ್ಲೆವು. ಆದರೆ ಕಣ್ಣಿನ ಸುತ್ತಣ ಸ್ನಾಯುವು ಮನಸ್ಸು ನಿಜವಾಗಿ ಹಿಗ್ಗಿದಾಗಲೇ ಸಾಮಾನ್ಯವಾಗಿ ಬಿಗಿಯುವುದು. ಕಣ್ಣಿನ ಅಂಚಿನಲ್ಲಿ ನೆರಿಗೆ ಮೂಡದ ನಗೆ ಮರ್ಯಾದೆಯ ನಗೆ. ನೆರಿಗೆ ಮೂಡಿದ್ದು ಮನದ ನಗೆ. ಮುದುಕರ ಕಣ್ಣಂಚಿನಲ್ಲಿ ಅಳಿಸದಂತೆ ಉಳಿದ ಗೆರೆಗಳಲ್ಲಿ ಬಿಸಿಲಿನ ಕೈವಾಡವೂ ಉಂಟು, ಬಾಳೆಲ್ಲ ನಕ್ಕ ನಗೆಗಳ ಲೆಕ್ಕವೂ ಉಂಟು.

ನಗೆಗೆ ಹಾಸ್ಯ ಬೇಕೆ?

ಹಾಸ್ಯವೇ ಕಾರಣ, ನಗೆಯೇ ಕಾರ್ಯ ಎಂದು ನಾವೆಲ್ಲ ತಿಳಿದಿರುತ್ತೇವೆ. ಪ್ರೊವೈನನೂ ಮೊದಲಿಗೆ ಹಾಗೆಯೇ ತಿಳಿದಿದ್ದನು. ಆದರೆ ಪ್ರಯೋಗಶಾಲೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಹಾಸ್ಯವನ್ನು ತೋರಿಸಿದರೆ ಜನರು ನಗಲೊಲ್ಲರು. ಆಗ ಅವನೂ ಅವನ ವಿದ್ಯಾರ್ಥಿಗಳೂ ಅಂಗಡಿ ಬೀದಿಗಳಿಗೂ ವಿದ್ಯಾಲಯದ ಅಂಗಳಗಳಿಗೂ ಹೋಗಿ, ಜನರು ಯಾವಾಗ ನಗುತ್ತಾರೆ, ನಗೆಗೆ ಮುಂಚೆ ಯಾವ ಮಾತು ಬಂದಿತ್ತು ಎಂಬುದನ್ನು ಬರೆದುಕೊಂಡರು. ಇಂತಹ ಸುಮಾರು ೧,೨೦೦ ಸಂದರ್ಭಗಳನ್ನು ಪರಿಶೀಲಿಸಿದಾಗ ತಿಳಿದುಬಂದುದು ಆಶ್ಚರ್ಯಕರವಾಗಿತ್ತು. ಹಾಸ್ಯವೆನ್ನಬಹುದಾದ ಮಾತಿಗೆ ಬಂದ ನಗೆ ಶೇಕಡಾ ೨೦ಕ್ಕೂ ಕಡಮೆ! ಉಳಿದ ನಗೆಯೆಲ್ಲ "ಎಲ್ಲಿಗೆ ಹೋಗಿದ್ದೆ?", "ಬಂದೆಯಾ?" ಎಂಬಂತಹ ಸಾಧಾರಣ ಮಾತುಗಳಿಗೆ ಬಂದದ್ದು. ಕೇಳುವವನಿಗಿಂತ ಮಾತನಾಡುವವನೇ ಹೆಚ್ಚು ನಗುತ್ತಾನೆ. ಎಲ್ಲಕ್ಕಿಂತ ಮುಖ್ಯವಾದುದು ಇದು: ಒಬ್ಬನೇ ಇದ್ದಾಗ ನಗುವುದಕ್ಕಿಂತ ಜೊತೆಯಿದ್ದಾಗ ಮನುಷ್ಯನು ಸುಮಾರು ೩೦ ಪಟ್ಟು ಹೆಚ್ಚಾಗಿ ನಗುತ್ತಾನೆ.

ನಗೆಯು ಮಾತಿಗಿಂತಲೂ ಹಳೆಯದೆಂಬುದಕ್ಕೆ ಬೇರೆ ಸಾಕ್ಷಿಗಳೂ ಉಂಟು. ಮಗುವು ಮೂರು ನಾಲ್ಕು ತಿಂಗಳಿನಲ್ಲಿಯೇ ಕೇಕೆ ಹಾಕಿ ನಗುತ್ತದೆ. ಮಾತು ಬರುವುದು ಅದಾದ ಎಷ್ಟೋ ತಿಂಗಳ ಮೇಲೆ. ಚಿಂಪಾಂಜಿಗಳು ಆಟದಲ್ಲಿ ಕಚಗುಳಿಯಿಟ್ಟಾಗ ಏದುಸಿರಿನಂತಹ ನಗೆಯನ್ನು ಹೊರಡಿಸುತ್ತವೆ. ಯಾಕ್ ಪ್ಯಾಂಕ್ಸೆಪ್ ಎಂಬ ವಿಜ್ಞಾನಿ ೧೯೯೦ರ ದಶಕದಲ್ಲಿ ಇಲಿಗಳಿಗೆ ಕಚಗುಳಿಯಿಟ್ಟು ನೋಡಿದನು. ಅವು ಸುಮಾರು ೫೦,೦೦೦ ಹರ್ಟ್ಸ್ ಆವೃತ್ತಿಯಲ್ಲಿ ಚಿಲಿಪಿಲಿಗುಟ್ಟಿದವು. ಇನ್ನಷ್ಟು ಬೇಕೆಂದು ಅವನ ಕೈಯನ್ನೇ ಅರಸಿ ಬಂದವು. ಮನುಷ್ಯನ ಕಿವಿ ೨೦,೦೦೦ ಹರ್ಟ್ಸ್‌ಗಿಂತ ಮೇಲಿನದನ್ನು ಕೇಳಲಾರದು. ಆದಕಾರಣ ಇಲಿಗಳ ಈ ನಲಿವು ಅದುವರೆಗೆ ನಮ್ಮ ಕಿವಿಗೆ ಮುಚ್ಚಿದ ಗುಟ್ಟಾಗಿಯೇ ಉಳಿದಿತ್ತು. ಪ್ರಾಣಿಗಳಲ್ಲಿ ಇಂತಹ ಧ್ವನಿಯ ಅರ್ಥವೊಂದೇ: "ಇದು ಆಟ, ನಾನು ನಿನ್ನವನು, ಹೆದರಬೇಡ." ಮನುಷ್ಯನ ನಗೆಯ ತಾಯಿಬೇರೂ ಇದೇ ಇರಬೇಕು.

ನಮ್ಮ ದೇಶದಲ್ಲಿಯೇ ನಡೆದ ಒಂದು ಸಂಗತಿ ಇದನ್ನು ಮತ್ತಷ್ಟು ತಿಳಿಗೊಳಿಸುತ್ತದೆ. ೧೯೯೫ರ ಮಾರ್ಚಿಯಲ್ಲಿ ಮುಂಬಯಿಯ ವೈದ್ಯ ಮದನ ಕಟಾರಿಯಾ ಕೆಲವರನ್ನು ಕೂಡಿಸಿಕೊಂಡು ಉದ್ಯಾನವೊಂದರಲ್ಲಿ ನಗೆಕೂಟವನ್ನು ಆರಂಭಿಸಿದರು. ಮೊದಮೊದಲು ಒಬ್ಬೊಬ್ಬರೂ ಒಂದೊಂದು ಚುಟುಕವನ್ನು ಹೇಳಿ ನಗಿಸುತ್ತಿದ್ದರು. ಎರಡು ವಾರ ಕಳೆಯುವುದರೊಳಗೆ ಒಳ್ಳೆಯ ಚುಟುಕಗಳು ತೀರಿಹೋದವು. ಉಳಿದವು ಕೆಲವರ ಮನಸ್ಸನ್ನು ನೋಯಿಸಿದವು. ಕೂಟವು ಮುರಿಯುವಂತಾದಾಗ ಅವರು ಚುಟುಕಗಳನ್ನೇ ಕೈಬಿಟ್ಟು, ಒಬ್ಬರ ಮುಖವನ್ನೊಬ್ಬರು ನೋಡುತ್ತ ಸುಮ್ಮನೆ ನಗುವ ಅಭ್ಯಾಸವನ್ನು ಹಾಕಿದರು. ಹುಸಿನಗೆಯಾಗಿ ಆರಂಭವಾದುದು ಅರೆಗಳಿಗೆಯಲ್ಲಿ ನಿಜವಾದ ನಗೆಯಾಗುತ್ತಿತ್ತು. ಇಂತಹ ನಗೆಕೂಟಗಳು ಬಳಿಕ ಬೆಂಗಳೂರಿನ ಉದ್ಯಾನಗಳಿಗೂ ಪರದೇಶಗಳಿಗೂ ಹರಡಿದವು. ಅಲ್ಲಿ ಬೆಳಗಿನ ಹೊತ್ತು ಕೈಯೆತ್ತಿ ನಗುವವರಲ್ಲಿ ನಿವೃತ್ತರೇ ಹೆಚ್ಚು. ಹಾಸ್ಯ ತೀರಿಹೋಯಿತು, ನಗೆ ತೀರಲಿಲ್ಲ. ಜೊತೆಯೊಂದು ಉಳಿದಿತ್ತು, ಅದೇ ಸಾಕಾಯಿತು.

ಹಾಗೆಂದು ಹಾಸ್ಯಕ್ಕೆ ಬೆಲೆಯಿಲ್ಲವೆನ್ನಲಾಗದು. ಹಾಸ್ಯವು ಜನರನ್ನು ಒಂದೆಡೆ ಕೂಡಿಸುವ ಆಕರ್ಷಣೆ. ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತದಲ್ಲಿ ಗೊಲ್ಲತಿಯೂ ಭಾಗವತನೂ ವಾದಕ್ಕಿಳಿದರೆಂದರೆ ಮಡಿಲ ಕೂಸಿನಿಂದ ಕೋಲಿನ ಮುದುಕರವರೆಗೆ ಒಂದೇ ಜಮಖಾನೆಯ ಮೇಲೆ ಕುಳಿತು ನಗುವರು. ಬೆಂಗಳೂರಿನ ಡಾಕ್ಟರ್ ಎಂ. ಶಿವರಾಮ್ ಅವರು ವೃತ್ತಿಯಿಂದ ವೈದ್ಯರು. "ರಾಶಿ" ಎಂಬ ಹೆಸರಿನಿಂದ ಕನ್ನಡಿಗರನ್ನು ನಗಿಸಿದವರು. ೧೯೪೨ರಲ್ಲಿ ಅವರು ಆರಂಭಿಸಿದ "ಕೊರವಂಜಿ" ಎಂಬ ಹಾಸ್ಯ ಮಾಸಪತ್ರಿಕೆ ೧೯೬೭ರವರೆಗೆ ನಡೆಯಿತು. ಅದರ ಪರಂಪರೆಯನ್ನು ಮುಂದುವರಿಸಲು ೧೯೮೩ರಲ್ಲಿ "ಅಪರಂಜಿ" ಹುಟ್ಟಿತು. ಔಷಧವನ್ನು ಬರೆದುಕೊಡುವ ಕೈಯೇ ಇಪ್ಪತ್ತೈದು ವರ್ಷಗಳ ಕಾಲ ನಗೆಯನ್ನೂ ಬರೆಯಿತೆಂಬುದು ಕನ್ನಡದ ಹೆಮ್ಮೆಯ ಮಾತು.

ನಕ್ಕರೆ ದೇಹಕ್ಕೆ ಆಗುವುದೇನು?

ನಗೆಯು ಆರೋಗ್ಯಕ್ಕೆ ಒಳ್ಳೆಯದೆಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಎಷ್ಟು ಒಳ್ಳೆಯದು, ಏಕೆ ಒಳ್ಳೆಯದು ಎಂಬುದನ್ನು ಅಳೆದು ನೋಡುವುದೇ ವಿಜ್ಞಾನ. "ಮಗುವು ದಿನಕ್ಕೆ ೩೦೦ ಸಲ ನಗುತ್ತದೆ, ದೊಡ್ಡವರು ೧೭ ಸಲ ಮಾತ್ರ" ಎಂಬ ಲೆಕ್ಕವನ್ನು ನೀವು ಕೇಳಿರಬಹುದು. ಇಂತಹ ಅಂಕಿಗಳ ಹಿಂದೆ ನಂಬತಕ್ಕ ಅಳತೆ ಯಾವುದೂ ಇಲ್ಲ. ಆದುದರಿಂದ ಅಳತೆಯಿರುವ ಸಂಗತಿಗಳನ್ನಷ್ಟೇ ನೋಡೋಣ.

ಮೊದಲನೆಯದು ಶ್ವಾಸಕೋಶ. ಸುಮಾರು ಮೂವತ್ತು ವರ್ಷ ಕಳೆದ ಮೇಲೆ ಶ್ವಾಸಕೋಶಗಳ ಸ್ಥಿತಿಸ್ಥಾಪಕತೆ ವರ್ಷ ವರ್ಷವೂ ಸ್ವಲ್ಪ ಕುಂದುತ್ತದೆ; ಎದೆಗೂಡು ಬಿರುಸಾಗುತ್ತದೆ. ಉಸಿರು ಬಿಟ್ಟ ಮೇಲೂ ಒಳಗೆ ಉಳಿಯುವ ಗಾಳಿಯ ಪ್ರಮಾಣ ಹೆಚ್ಚುತ್ತದೆ. ಹೊಟ್ಟೆತುಂಬ ನಕ್ಕಾಗ, ಸಾಧಾರಣ ಉಸಿರಾಟದಲ್ಲಿ ಹೊರಬೀಳದ ಈ ಗಾಳಿಯ ಒಂದು ದೊಡ್ಡ ಪಾಲು ಹೊರಬಿದ್ದು, ಹಿಂದೆಯೇ ಆಳವಾದ ಉಸಿರು ಒಳಬರುತ್ತದೆ. ಇದರಿಂದ ಶ್ವಾಸಕೋಶಕ್ಕೆ ಮತ್ತೆ ಯೌವನ ಬರುವುದೆಂದು ತಿಳಿಯಬಾರದು. ಆ ಕ್ಷಣಕ್ಕೆ ಅದಕ್ಕೊಂದು ಒಳ್ಳೆಯ ವ್ಯಾಯಾಮವಾಯಿತೆಂದು ಮಾತ್ರ ಹೇಳಬಹುದು.

ಎರಡನೆಯದು ಶಕ್ತಿಯ ಲೆಕ್ಕ. ೨೦೦೭ರಲ್ಲಿ ಪ್ರಕಟವಾದ ಅಮೆರಿಕದ ಅಳತೆಯಂತೆ, ನಗುವಾಗ ದೇಹವು ಸುಮ್ಮನೆ ಕುಳಿತಾಗಿನದಕ್ಕಿಂತ ಶೇಕಡಾ ೧೦ರಿಂದ ೨೦ರಷ್ಟು ಹೆಚ್ಚು ಶಕ್ತಿಯನ್ನು ವೆಚ್ಚಮಾಡುತ್ತದೆ. ದಿನಕ್ಕೆ ಹತ್ತು ಹದಿನೈದು ನಿಮಿಷ ನಕ್ಕರೆ ಆಗುವ ವೆಚ್ಚ ೧೦ರಿಂದ ೪೦ ಕಿಲೊಕ್ಯಾಲೊರಿ. ಇದು ಒಂದು ಜೋಳದ ರೊಟ್ಟಿಯ ಅರ್ಧಕ್ಕೂ ಬರದು! ನಗೆಯು ನಡಿಗೆಯ ಬದಲಿಯಲ್ಲ.

ಮೂರನೆಯದು ರಕ್ತನಾಳ. ೨೦೦೫ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ವೈದ್ಯರು ೨೦ ಮಂದಿ ಆರೋಗ್ಯವಂತರಿಗೆ ಒಮ್ಮೆ ಯುದ್ಧದ ಭೀಕರ ದೃಶ್ಯವನ್ನೂ ಇನ್ನೊಮ್ಮೆ ನಗೆಯ ಚಿತ್ರವನ್ನೂ ತೋರಿಸಿ, ತೋಳಿನ ಅಪಧಮನಿಯನ್ನು ಪರೀಕ್ಷಿಸಿದರು. ಭೀಕರ ದೃಶ್ಯದ ಬಳಿಕ ೧೪ ಮಂದಿಯಲ್ಲಿ ರಕ್ತದ ಹರಿವು ತಗ್ಗಿತು. ನಗೆಯ ಬಳಿಕ ೧೯ ಮಂದಿಯಲ್ಲಿ ನಾಳವು ಸಡಿಲಗೊಂಡು ಹರಿವು ಹೆಚ್ಚಿತು. ಪ್ರಯೋಗ ಚಿಕ್ಕದು, ಆದರೆ ತೋರಿದ ದಿಕ್ಕು ಸ್ಪಷ್ಟವಾಗಿದೆ.

ನಾಲ್ಕನೆಯದು ನೋವು. ನಾರ್ಮನ್ ಕಸಿನ್ಸ್ ಎಂಬ ಅಮೆರಿಕದ ಸಂಪಾದಕನು ೧೯೬೪ರಲ್ಲಿ ಬೆನ್ನುಮೂಳೆಯ ಕಠಿಣ ರೋಗಕ್ಕೆ ತುತ್ತಾದನು. ಹತ್ತು ನಿಮಿಷ ಹೊಟ್ಟೆತುಂಬ ನಕ್ಕರೆ ಎರಡು ಗಂಟೆ ನೋವಿಲ್ಲದ ನಿದ್ರೆ ಬರುತ್ತಿತ್ತೆಂದು ಅವನು ೧೯೭೬ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದನು. ಒಬ್ಬನ ಅನುಭವವು ಪ್ರಮಾಣವಾಗಲಾರದು. ಆದರೆ ಅದು ಒಳ್ಳೆಯ ಪ್ರಶ್ನೆಯನ್ನು ಎತ್ತಿತು. ಇಂಗ್ಲೆಂಡಿನ ರಾಬಿನ್ ಡನ್ಬಾರ್ ಮತ್ತು ಸಂಗಡಿಗರು ೨೦೧೨ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಗುಂಪಿನಲ್ಲಿ ನಕ್ಕವರು ನಗುವ ಮೊದಲಿಗಿಂತ ಹೆಚ್ಚಿನ ನೋವನ್ನು ತಾಳಬಲ್ಲವರಾಗಿದ್ದರು. ಫಿನ್ಲೆಂಡಿನ ತುರ್ಕು ನಗರದ ವಿಜ್ಞಾನಿಗಳು ೨೦೧೭ರಲ್ಲಿ ಇದರ ಒಳಗುಟ್ಟನ್ನು ತೋರಿಸಿದರು. ಗೆಳೆಯರೊಡನೆ ಅರ್ಧ ಗಂಟೆ ನಕ್ಕವರ ಮೆದುಳನ್ನು ವಿಕಿರಣದ ಚಿತ್ರಣದಿಂದ ನೋಡಿದಾಗ, ನೋವನ್ನು ತಗ್ಗಿಸಿ ನೆಮ್ಮದಿಯನ್ನು ಕೊಡುವ ಎಂಡಾರ್ಫಿನ್ ಮೊದಲಾದ ರಾಸಾಯನಿಕಗಳು ಹೆಚ್ಚಾಗಿ ಸುರಿದುದು ಕಂಡುಬಂತು. ಮೊಣಕಾಲಿನ ನೋವನ್ನೇ ನಗೆಗೆ ವಸ್ತುವಾಗಿಸಿಕೊಂಡ ನಮ್ಮ ಕಟ್ಟೆಯ ಮುದುಕರು ಈ ಪ್ರಯೋಗವನ್ನು ಓದಿಲ್ಲ. ಆದರೂ ದಿನವೂ ಮಾಡುತ್ತಿದ್ದಾರೆ!

ಕೊನೆಯದಾಗಿ ಆಯುಷ್ಯ. ಜಪಾನಿನ ಯಾಮಗಾಟ ಪ್ರಾಂತದಲ್ಲಿ ೪೦ ವರ್ಷ ಮೀರಿದ ೧೭,೧೫೨ ಮಂದಿಯನ್ನು ಕೆಲವು ವರ್ಷ ಗಮನಿಸಿ ೨೦೨೦ರಲ್ಲಿ ಪ್ರಕಟಿಸಿದ ವರದಿಯಂತೆ, ತಿಂಗಳಿಗೊಮ್ಮೆಯೂ ಗಟ್ಟಿಯಾಗಿ ನಗದವರಲ್ಲಿ ಸಾವಿನ ಪ್ರಮಾಣ ಹೆಚ್ಚಾಗಿತ್ತು. ಇಲ್ಲಿ ವಿದ್ಯಾರ್ಥಿಗಳು ಎಚ್ಚರ ತಪ್ಪಬಾರದು. ಮಳೆ ಬಂದ ದಿನ ಬೀದಿಯಲ್ಲಿ ಕೊಡೆಗಳು ಹೆಚ್ಚು ಕಾಣುತ್ತವೆ. ಕೊಡೆಗಳು ಮಳೆಯನ್ನು ತಂದುವೆನ್ನಬಹುದೆ? ಆರೋಗ್ಯವಂತನು ಹೆಚ್ಚು ನಗುವುದೂ ಸಹಜವೇ. ನಗೆ ಆಯುಷ್ಯವನ್ನು ಬೆಳೆಸಿತೋ, ಆರೋಗ್ಯವು ನಗೆಯನ್ನು ಬೆಳೆಸಿತೋ ಎಂಬುದನ್ನು ಇಂತಹ ಅಧ್ಯಯನ ಒಂದರಿಂದಲೇ ತೀರ್ಮಾನಿಸಲಾಗದು.

ನಗೆಯನ್ನು ಸರ್ವರೋಗಕ್ಕೂ ಮದ್ದೆನ್ನುವುದು ಸರಿಯಲ್ಲ. ಬ್ರಿಟನ್ನಿನ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ೨೦೧೩ರಲ್ಲಿ ಬಂದ ವಿಮರ್ಶೆಯೊಂದು ನಗೆಯ ಗುಣಗಳೊಡನೆ ಅಪಾಯಗಳನ್ನೂ ಪಟ್ಟಿ ಮಾಡಿತು. ಉಬ್ಬಸವಿರುವವರಿಗೆ ಬಿರುನಗೆ ಉಸಿರು ಕಟ್ಟಿಸಬಹುದು. ಅಂಡವಾಯು ಇರುವವರಿಗೂ, ಹೊಟ್ಟೆಯ ಶಸ್ತ್ರಕ್ರಿಯೆಯಾಗಿ ಹೊಲಿಗೆ ಮಾಗದವರಿಗೂ ಅದು ತೊಂದರೆ ಕೊಡಬಹುದು. ಅಂಥವರು ನಗೆಕೂಟದ ಅಭ್ಯಾಸಕ್ಕೆ ಇಳಿಯುವ ಮೊದಲು ವೈದ್ಯರನ್ನು ಕೇಳಬೇಕು. ರಕ್ತದೊತ್ತಡದ ಗುಳಿಗೆಯನ್ನು ನಗೆಯ ಭರವಸೆಯ ಮೇಲೆ ನಿಲ್ಲಿಸಕೂಡದು.

ಮುಪ್ಪಿನಲ್ಲಿ ನಗೆ ಕುಂದುವುದೇಕೆ?

ವಯಸ್ಸಾದಂತೆ ಮನಸ್ಸು ಕಹಿಯಾಗುವುದು ಸಹಜವೆಂದು ಹಲವರ ನಂಬಿಕೆ. ಇದು ತಪ್ಪು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಲಾರಾ ಕಾರ್ಸ್ಟೆನ್‌ಸನ್ ಅವರ ದೀರ್ಘಕಾಲದ ಅಧ್ಯಯನಗಳಂತೆ, ಸಾಮಾನ್ಯವಾಗಿ ಹಿರಿಯರು ತರುಣರಿಗಿಂತ ಕಡಮೆ ಸಿಟ್ಟು, ಕಡಮೆ ತಳಮಳ ಉಳ್ಳವರು. ಮುಂದಿರುವ ಕಾಲ ಕಿರಿದೆಂದು ಅರಿತವರು ಹೊಸ ಪರಿಚಯಗಳ ಹಿಂದೆ ಓಡದೆ ತಮಗೆ ಪ್ರಿಯರಾದ ಕೆಲವರ ಜೊತೆಯನ್ನೇ ಬಯಸುತ್ತಾರೆ. ಹೀಗಿರುವಲ್ಲಿ ನಗೆ ಕುಂದಿದರೆ ಕಾರಣವನ್ನು ಮನಸ್ಸಿನಲ್ಲಿ ಅಲ್ಲ, ಜೊತೆ ತಪ್ಪಿದುದರಲ್ಲಿ ಹುಡುಕಬೇಕು. ಸಮವಯಸ್ಕರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಾರೆ. ಮಕ್ಕಳು ಉದ್ಯೋಗಕ್ಕಾಗಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುತ್ತಾರೆ. ಇವು ಎಲ್ಲರಿಗೂ ಕಾಣುವ ಕಾರಣಗಳು. ಕಾಣದ ಕಾರಣವೊಂದುಂಟು, ಅದು ಕಿವಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೬೦ ವರ್ಷ ಮೀರಿದವರಲ್ಲಿ ಶೇಕಡಾ ೨೫ಕ್ಕಿಂತ ಹೆಚ್ಚು ಮಂದಿಗೆ ಬದುಕಿಗೆ ಅಡ್ಡಿಯಾಗುವಷ್ಟು ಕಿವುಡು ಇರುತ್ತದೆ. ಮುಪ್ಪಿನ ಕಿವುಡು ಎಲ್ಲ ಧ್ವನಿಗಳನ್ನೂ ಒಂದೇ ಸಮನೆ ತಗ್ಗಿಸುವುದಿಲ್ಲ. ಒಳಗಿವಿಯ ಶಂಖದಲ್ಲಿ ಹೆಚ್ಚಿನ ಆವೃತ್ತಿಗಳನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ಮೊದಲು ನಶಿಸುತ್ತವೆ. ಅ, ಆ, ಓ ಎಂಬ ಸ್ವರಗಳ ಬಲವು ಕೆಳಗಿನ ಆವೃತ್ತಿಗಳಲ್ಲಿರುವುದರಿಂದ ಅವು ಕೇಳಿಸುತ್ತವೆ. ಸ, ಶ, ತ, ಕ ಮೊದಲಾದ ವ್ಯಂಜನಗಳ ಗುರುತು ಮೇಲಿನ ಆವೃತ್ತಿಗಳಲ್ಲಿರುವುದರಿಂದ ಅವು ತಪ್ಪಿಹೋಗುತ್ತವೆ. "ಸಾಲ" ಎಂದರೂ "ಕಾಲ" ಎಂದರೂ ಒಂದೇ. ಧ್ವನಿ ಕೇಳಿಸುತ್ತದೆ, ಮಾತು ತಿಳಿಯದು. ಹಾಸ್ಯವಂತೂ ಒಂದು ಅಕ್ಷರದ ಮೇಲೆ ನಿಂತಿರುತ್ತದೆ. ಆ ಅಕ್ಷರ ಜಾರಿದರೆ ಹಾಸ್ಯವೆಲ್ಲ ಜಾರಿತು. ಆದರೆ ನಗೆಯ ಧ್ವನಿಯು, ನಾವು ಮೇಲೆ ನೋಡಿದಂತೆ, ೫೦೦ ಹರ್ಟ್ಸ್‌ನ ಆಸುಪಾಸಿನಲ್ಲಿ ಮತ್ತು ಅದರ ಕೆಳಗೆ ಮೊದಲಾಗುತ್ತದೆ. ಅದರ ತಾಳವೂ ಮರೆಯಲಾಗದ್ದು. ಆದುದರಿಂದ ಮಾತು ಕೇಳದ ಕಿವಿಗೂ ನಗೆ ಕೇಳುತ್ತದೆ. ವಿದ್ಯಾರ್ಥಿಯ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ: ಆ ಅಜ್ಜ ನಕ್ಕದ್ದು ಮಾತಿಗಲ್ಲ, ಜೊತೆಗೆ.

ಈ ಪಾಠವನ್ನು ನಾವು ಬಹಳ ತಡವಾಗಿ ಕಲಿತೆವೆಂದು ಒಪ್ಪಿಕೊಳ್ಳಬೇಕಾಗಿದೆ. ನಮ್ಮ ಅಜ್ಜನು ತನ್ನ ಕಾಲದಲ್ಲಿ ಊರ ಜಾತ್ರೆಯ ನಾಟಕಗಳಲ್ಲಿ ಹಾಸ್ಯದ ಪಾತ್ರ ಮಾಡಿದವನು. ಕೊನೆಯ ನಾಲ್ಕು ವರ್ಷ ಅವನು ಕಟ್ಟೆಗೆ ಹೋಗುವುದನ್ನು ಬಿಟ್ಟನು. ಪಡಸಾಲೆಯಲ್ಲಿ ಗೋಡೆಗೊರಗಿ ಕುಳಿತಿರುತ್ತಿದ್ದನು. ಮನೆಯವರೆಲ್ಲ "ಅಜ್ಜ ಸಿಡುಕನಾದ" ಎಂದೆವು. ನಾವು ಟೀವಿಯ ಮುಂದೆ ಕುಳಿತು ನಗುವಾಗ ಅವನು ಇತ್ತ ತಿರುಗಿ, "ಏನಾತೋ ತಮ್ಮಾ?" ಎಂದು ಕೇಳುತ್ತಿದ್ದನು. ಮತ್ತೆ ಹೇಳುವ ಬೇಸರಕ್ಕೆ ನಾವು, "ಏನಿಲ್ಲ ಬಿಡಜ್ಜಾ" ಎನ್ನುತ್ತಿದ್ದೆವು. ಕೆಲವು ಕಾಲದ ಮೇಲೆ ಅವನು ಕೇಳುವುದನ್ನೇ ಬಿಟ್ಟನು. ಅದೇ ವರ್ಷಗಳಲ್ಲಿ ನಾವು ತರಗತಿಯಲ್ಲಿ ಧ್ವನಿತರಂಗಗಳ ಪಾಠ ಹೇಳುತ್ತಿದ್ದೆವು! ಕಿವಿಯ ಪರೀಕ್ಷೆ ಮಾಡಿಸಬೇಕೆಂಬುದು ಹೊಳೆಯುವ ಹೊತ್ತಿಗೆ ಅಜ್ಜ ಇರಲಿಲ್ಲ.

ಅಮ್ಮನಿಗೆ, ಎಂದರೆ ಅಜ್ಜನ ಹೆಂಡತಿಗೆ, ಆ ತಪ್ಪನ್ನು ಮಾಡಲಿಲ್ಲ. ಆಕೆಯನ್ನು ಹುಬ್ಬಳ್ಳಿಗೆ ಕರೆದೊಯ್ದು ಕಿವಿಯ ವೈದ್ಯರಿಗೆ ತೋರಿಸಿದೆವು. ಮೊದಲು ಗಟ್ಟಿಯಾಗಿದ್ದ ಗುಗ್ಗೆಯನ್ನು ತೆಗೆದರು. ಬಳಿಕ ಶ್ರವಣಯಂತ್ರವನ್ನು ಕೊಟ್ಟರು. ಯಂತ್ರವನ್ನು ಹಾಕಿದೊಡನೆ ಆಕೆ ಕೈಯೆತ್ತಿ ಸೆರಗನ್ನು ಸರಿಮಾಡಿಕೊಂಡಳು. ಸರಕ್ಕನೆ ನಿಂತು ನಕ್ಕಳು. "ನನ್ನ ಬಳಿ ಸಪ್ಪಳ ಕೇಳಿ ಏಸು ವರ್ಸಾತೋ!" ಗಾಜಿನ ಬಳೆಗಳ ಕಿಣಿಕಿಣಿಯೂ ಹೆಚ್ಚಿನ ಆವೃತ್ತಿಯದೇ.

ನಾವು ಮಾಡಬಹುದಾದುದು

ಮನೆಯಲ್ಲಿ ಹಿರಿಯರಿದ್ದರೆ ಕೆಲವು ಸಣ್ಣ ಸಂಗತಿಗಳನ್ನು ನೆನಪಿಡಿರಿ. ಕಿವಿ ಮಂ‌ದವಾದವರೊಡನೆ ಕಿರಿಚಬೇಡಿರಿ. ಕಿರಿಚಿದರೆ ಶ್ರುತಿ ಏರುತ್ತದೆ, ಉಚ್ಚಾರ ಕೆಡುತ್ತದೆ. ಕೇಳುವವರಿಗೆ ಅದು ಮಾತಾಗಿ ಅಲ್ಲ, ಬೈಗುಳಾಗಿ ತೋರುತ್ತದೆ. ಎದುರಿಗೆ, ನಿಮ್ಮ ಮುಖದ ಮೇಲೆ ಬೆಳಕು ಬೀಳುವಂತೆ ಕುಳಿತು, ತಗ್ಗಿದ ಶ್ರುತಿಯಲ್ಲಿ ನಿಧಾನವಾಗಿ ಹೇಳಿರಿ. ತುಟಿಗಳ ಚಲನೆಯೂ ಅವರಿಗೆ ಅರ್ಧ ಮಾತನ್ನು ತಿಳಿಸುತ್ತದೆ. ಟೀವಿಯ ಸದ್ದನ್ನು ಆಗ ತಗ್ಗಿಸಿರಿ. ಕಿವಿಯ ಪರೀಕ್ಷೆಯನ್ನು ಕಣ್ಣಿನ ಪರೀಕ್ಷೆಯಷ್ಟೇ ಸಹಜವೆಂದು ತಿಳಿಯಿರಿ. ಅವರಿಗೆ ನಡೆಯಲು ಆಗದಿದ್ದರೆ ಕೈಹಿಡಿದು ಕಟ್ಟೆಯವರೆಗೆ ಬಿಟ್ಟು ಬನ್ನಿರಿ. ಹೊಸ ಚುಟುಕಗಳನ್ನು ಕಲಿತು ಹೇಳುವುದಕ್ಕಿಂತ ಇದೇ ಹೆಚ್ಚು ನಗೆಯನ್ನು ತರುವುದು. ಮುದುಕರನ್ನು ಕುರಿತು ನಗುವುದು ಬೇರೆ, ಮುದುಕರೊಡನೆ ನಗುವುದು ಬೇರೆ. ಮೊದಲನೆಯದರಲ್ಲಿ ಒಬ್ಬನು ಗುಂಪಿನಿಂದ ಹೊರಗಾಗುತ್ತಾನೆ, ಎರಡನೆಯದರಲ್ಲಿ ಒಳಗಾಗುತ್ತಾನೆ. ಧ್ವನಿ ಒಂದೇ ಆದರೂ ಫಲ ಬೇರೆ.

ಆ ಸಂಜೆಯ ಕಟ್ಟೆಯಲ್ಲಿ ನಡೆದುದನ್ನು ನಾವು ಪೂರ್ತಿಯಾಗಿ ಹೇಳಿರಲಿಲ್ಲ. ಹಿರಿಯ ಮುದುಕರು "ಏನಂದಾ?" ಎಂದು ಕೇಳಿದಾಗ ಎಲ್ಲರೂ ನಕ್ಕರಷ್ಟೆ? ನಗೆ ಅಡಗಿದ ಮೇಲೆ ಪಕ್ಕದಲ್ಲಿದ್ದವರು ಅವರ ಕಡೆಗೆ ಬಾಗಿ, ಮೊಣಕಾಲಿನ ಮಾತನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಮತ್ತೊಮ್ಮೆ ಹೇಳಿದರು. ಮುದುಕರು ಕೇಳಿದರು, ಒಂದು ಗಳಿಗೆ ಸುಮ್ಮನಿದ್ದರು, ಬಳಿಕ ಮೊದಲಿಗಿಂತ ಗಟ್ಟಿಯಾಗಿ ನಕ್ಕರು. ಅವರು ನಗುವುದನ್ನು ಕಂಡು ಉಳಿದವರೂ ಹಳೆಯ ಮಾತಿಗೇ ಹೊಸದಾಗಿ ನಕ್ಕರು.

"ಏನಿಲ್ಲ ಬಿಡಜ್ಜಾ" ಎನ್ನುವ ಬದಲು ಇನ್ನೊಮ್ಮೆ ಹೇಳುವುದಕ್ಕೆ ಅರ್ಧ ನಿಮಿಷ ಸಾಕು.